ನಲವತ್ತು ಸೆಕೆಂಡು ತಡ

ಆರನೇ ಸಲ ಸತ್ತಾಗ ಲಕ್ಷ್ಮಿಕಾಂತ ಹೆಡ್‌ಫೋನು ಕಿತ್ತು ಹಾಸಿಗೆಯ ಮೇಲೆ ಎಸೆದ. ಸತ್ತದ್ದು ಮೊಬೈಲಿನ ಆಟದಲ್ಲಿ, ಮಾನ ಹೋದದ್ದು ಮಾತ್ರ ನಿಜವಾಗಿ. ಸುರಪುರದ ಈ ಕೋಣೆಯಲ್ಲಿ ಕೂತು ಅವನು ಆಡುವ ಗುಂಡಿನ ಆಟವನ್ನು ಎಂಟು ನೂರು ಜನ ಲೈವ್‌ನಲ್ಲಿ ನೋಡುತ್ತಿದ್ದರು. ಆರೂ ಸಲ ಹೊಡೆದದ್ದು ಒಬ್ಬನೇ ಆಸಾಮಿ. ಆಟದಲ್ಲಿ ಇಟ್ಟುಕೊಂಡ ಹೆಸರು ಕರಿಚೇಳು.

ಆ ಮಹಾನುಭಾವ ಒಂದು ದಿನವೂ ಮೈಕ್ ತೆರೆದು ಮಾತಾಡಿದವನಲ್ಲ. ಆದರೂ ಲಕ್ಷ್ಮಿಕಾಂತನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹುಣಸಗಿಯ ಸಾಯಿಕುಮಾರನೇ, ಮತ್ತ್ಯಾರು? ಚಾನೆಲ್ಲು ಶುರುಮಾಡುವಾಗ ಜೊತೆಗಿದ್ದು, ಜಗಳ ಕಾಯ್ದು ಹೋದವನು. ಎಲ್ಲಿ ಅಡಗಿದರೂ ನೆಟ್ಟಗೆ ಅಲ್ಲಿಗೇ ಬಂದು ಹೊಡೆಯುತ್ತಾನೆಂದರೆ, ಇವನ ಲೈವ್ ನೋಡಿಕೊಂಡೇ ಆಡುತ್ತಿರಬೇಕು. ಹಲ್ಕಟ್ ಬುದ್ಧಿ!

ಸೇಡಿಗೆ ದಿನ ಗೊತ್ತಾಗಿತ್ತು. ಭಾನುವಾರ ಮಧ್ಯಾಹ್ನ ಶಹಾಪುರದ ರೇವಣಸಿದ್ದ ನಡೆಸುವ ಆನ್‌ಲೈನ್ ಪಂದ್ಯ. ಕರಿಚೇಳೂ ಹೆಸರು ಕೊಟ್ಟಿತ್ತು. ಅದರ ಕೈಲಿ ಸೋತರೆ ಚಾನೆಲ್ಲಿಗೆ ಬೀಗ, ಮತ್ತೆಂದೂ ಆಟ ಮುಟ್ಟುವುದಿಲ್ಲ ಎಂದು ಲಕ್ಷ್ಮಿಕಾಂತ ಲೈವ್‌ನಲ್ಲೇ ಆಣೆ ಮಾಡಿಬಿಟ್ಟ. ಮೂರು ವರ್ಷ ಬೆವರು ಸುರಿಸಿ ಕಟ್ಟಿದ ಚಾನೆಲ್ಲು. ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟವನ ಹಣೆಬರಹವೇ ಇಷ್ಟು.

ಭಾನುವಾರ ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತು ಬಲೆ ಹೆಣೆದ. ಮೊದಲು ಬಿಟ್‌ರೇಟು. ಆರು ಸಾವಿರಕ್ಕಿಟ್ಟರೆ ಚಿತ್ರ ಸ್ವಚ್ಛ, ಮೂಲೆಯ ನಕಾಶೆಯನ್ನೂ ಓದಬಹುದು. ಒಂದೂವರೆ ಸಾವಿರಕ್ಕೆ ಇಳಿಸಿದ. ಚಿತ್ರ ಹಿಟ್ಟಿನ ಗಿರಣಿಯ ಕಿಟಕಿಯಂತಾಯಿತು. ನೋಡುವವರು ಬೈದರೆ ಬೈಯಲಿ, ಸಾಯಿಕುಮಾರನ ಕಣ್ಣಿಗೆ ನಕಾಶೆ ಬೀಳಬಾರದು. ಆಮೇಲೆ ಬಫರು. ಸೊನ್ನೆಯಿಂದ ನಲವತ್ತು ಸೆಕೆಂಡಿಗೆ ಏರಿಸಿದ. ಇನ್ನು ಇವನು ಆಡಿದ್ದು ಲೋಕಕ್ಕೆ ಕಾಣುವುದು ನಲವತ್ತು ಸೆಕೆಂಡು ತಡವಾಗಿ. ಇವನು ಬಿಟ್ಟುಹೋದ ಜಾಗಕ್ಕೆ ಕರಿಚೇಳು ಬರುತ್ತದೆ, ಇವನು ಹಿಂದಿನಿಂದ ಹೊಡೆಯುತ್ತಾನೆ.

ಹೆಂಡತಿ ನಂದಿನಿ ಚಹಾ ತಂದಿಟ್ಟು ಪರದೆ ನೋಡುತ್ತಾ ನಿಂತಳು. ಒಂದು ಕಾಲಕ್ಕೆ ತನಗೂ ಆಟ ಕಲಿಸಿರೆಂದು ದುಂಬಾಲು ಬಿದ್ದಿದ್ದಳು. ರೊಟ್ಟಿ ಬಡಿಯುವ ಕೈಗೆ ಬಂದೂಕು ಬೇಕಂತೆ ಎಂದು ಲಕ್ಷ್ಮಿಕಾಂತ ಅದನ್ನು ಲೈವ್‌ನಲ್ಲೇ ಹೇಳಿ ನಕ್ಕಿದ್ದ. ವಾರವಿಡೀ ಜನ ನಗುವ ಮುಖಗಳನ್ನು ಕಳಿಸಿದರು. ಪಾಪ, ಅವಳೂ ನಕ್ಕು ಸುಮ್ಮನಾಗಿದ್ದಳು.

“ತಡಾ ಅಂದ್ರ, ನೀವು ಮಾತಾಡಿದ್ದೂ ತಡಾ ಕೇಳಸ್ತದೇನ್ರಿ?” ಎಂದಳು.

“ಚಿತ್ರ, ಮಾತು, ಎಲ್ಲಾ ತಡಾನ.”

“ಎಲ್ಲಾರಿಗೂ?”

“ಎಲ್ಲಾರಿಗೂ. ನೀ ಹೋಗು, ಬಾಗಲಾ ಮುಂದ್ ಮಾಡು.”

ಅವಳು ಬಾಗಿಲು ಎಳೆದುಕೊಂಡು ಪಕ್ಕದ ಅಡುಗೆಮನೆಗೆ ಹೋದಳು.

ಪಂದ್ಯ ಶುರುವಾಯಿತು. ಲೈವ್ ಮಾಡುವವನು ಬಾಯಿ ಮುಚ್ಚಿಕೊಂಡು ಆಡಿದರೆ ನೋಡುವವರು ಎದ್ದು ಹೋಗುತ್ತಾರೆ. ಲಕ್ಷ್ಮಿಕಾಂತನ ಗಂಟಲೋ, ಓಣಿಗೆಲ್ಲ ಕೇಳುವಂಥದ್ದು. ಈಗ ಗೋದಾಮಿಗೆ ಹೊಕ್ಕೆ, ಈಗ ನೀರಿನ ಟಾಕಿಯ ಹಿಂದೆ ಕೂತೆ ಎಂದು ಒಂದೊಂದನ್ನೂ ಕೂಗಿ ಹೇಳುತ್ತಾ ಆಡಿದ. ಅರವತ್ತು ಮಂದಿ ಒಬ್ಬೊಬ್ಬರಾಗಿ ಉದುರಿದರು. ಉಳಿದವರು ಇಬ್ಬರೇ, ಇವನು ಮತ್ತು ಕರಿಚೇಳು.

ಟಾಕಿ ಬಿಟ್ಟು ಹಳದಿ ಮನೆಯ ಮಾಳಿಗೆ ಏರಿದ. ಅದನ್ನೂ ಹೇಳಿದ, ಹೇಗೂ ತಡವಾಗಿ ತಾನೇ ಕೇಳುವುದು. ಬಂದೂಕನ್ನು ಟಾಕಿಯತ್ತ ಗುರಿಯಿಟ್ಟು ಎಣಿಸತೊಡಗಿದ. ಇಪ್ಪತ್ತು. ಮೂವತ್ತು. ಟಾಕಿಯ ಹತ್ತಿರ ನರಪಿಳ್ಳೆಯೂ ಬರಲಿಲ್ಲ. ಮೂವತ್ತೈದಕ್ಕೆ ಬೆನ್ನ ಹಿಂದೆ, ಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಿರುಗುವಷ್ಟರಲ್ಲಿ ಸತ್ತಿದ್ದ.

ಮೈಯೆಲ್ಲ ಉರಿದುಹೋಯಿತು. ಚಾನೆಲ್ಲು ಹೋಯಿತು, ಮರ್ಯಾದೆಯೂ ಹೋಯಿತು. ಆದರೆ ಸಾಯಿಕುಮಾರನನ್ನು ಸುಮ್ಮನೆ ಬಿಡುವುದುಂಟೇ? ಗೆದ್ದವರು ಮೈಕ್ ತೆರೆದು ಮಾತಾಡಲೇಬೇಕೆಂಬುದು ರೇವಣಸಿದ್ದನ ಪಂದ್ಯದ ಕಟ್ಟಳೆ. ದನಿ ಸಿಕ್ಕರೆ ಸಾಕು, ಕಳ್ಳನನ್ನು ಎಲ್ಲರೆದುರು ಬಯಲಿಗೆಳೆಯಬಹುದು. ಹೆಡ್‌ಫೋನು ತೆಗೆದಿಟ್ಟು ಸ್ಪೀಕರ್ ಜೋರು ಮಾಡಿದ.

“ಕರಿಚೇಳು, ಮಾತಾಡ್ರಿ,” ಎಂದ ರೇವಣಸಿದ್ದ. “ಕಡೀಕ ಯಾರನ್ನ ಹೊಡದ್ರಿ, ಹೆಸರು ಹೇಳ್ರಿ.”

ಮೈಕ್ ತೆರೆದುಕೊಂಡಿತು.

“ಅವರ ಹೆಸರು ನಾ ಹೇಳಂಗಿಲ್ರಿ ಅಣ್ಣಾ,” ಎಂದಿತು ಹೆಣ್ಣು ದನಿ, ಮೊದಲು ಅಡುಗೆಮನೆಯಿಂದ, ಆಮೇಲೆ ಸ್ಪೀಕರಿನಿಂದ, “ನಮ್ಮ ಮನಿಯವರು.”