ಸಪ್ಪಳವಿಲ್ಲದ ಫ್ಯಾನು

"ಗ್ರಾಫಿಕ್ಸ್ ಕಾರ್ಡ್ ಕಿತ್ತಬಿಡ್ರಿ ಅಣ್ಣಾರ. ಅದರ ಬದಲಿ ಛಲೋ ಕೂಲಿಂಗ್ ಹಾಕಿಕೊಡ್ರಿ."

ಫೋನಿನಿಂದ ಬಂದ ಮಾತು ಕೇಳಿ ಈಶ್ವರನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಜಮಖಂಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಆಟದ ಹುಚ್ಚಿನವರು ಇನ್ನೂ ದೊಡ್ಡ ಕಾರ್ಡ್ ಬೇಕೆಂದು ಬರುತ್ತಾರೆ. ಇದ್ದ ಕಾರ್ಡನ್ನೇ ಕೀಳಿಸುವವರನ್ನು ಅವನು ಇದೇ ಮೊದಲು ಕಂಡಿದ್ದ.

ಕೌಂಟರಿನಾಚೆ ಫೋನ್ ಹಿಡಿದು ನಿಂತಿದ್ದವರು ಬನಹಟ್ಟಿಯ ನೇಕಾರ ಹುಲೆಪ್ಪ. ಮಾತಾಡುತ್ತಿದ್ದವಳು ಅವರ ಮಗಳು ಸರಿತಾ.

"ಕಾರ್ಡ್ ತಗದ್ರ ಚಿತ್ರ ಎಲ್ಲಾ ಮಸಕ ಆಗತಾವಲ್ಲವಾ," ಎಂದ ಈಶ್ವರ.

"ಆಗಲಿ ಬಿಡ್ರಿ. ಅದರ ಬಿಸಿಗೇ ಹತ್ತು ನಿಮಿಷಕ್ಕ ಬಂದ್ ಬೀಳಾಕತ್ತೈತಿ. ನಾಡದು ಫೈನಲ್ ಐತಿ. ಫ್ಯಾನ್ ಮಾತ್ರ ಸಪ್ಪಳ ಮಾಡಬಾರದು ನೋಡ್ರಿ. ಒಂದೊಂದ ತಿರುಗಿಸಿ ಫೋನಿಗೆ ಹಿಡೀರಿ, ನಾ ಆರಿಸ್ತೇನಿ."

ಬನಹಟ್ಟಿಯ ಸರಿತಾ, ಅದರ ಮೇಲೆ ಫೈನಲ್ ಎಂದ ಕೂಡಲೇ ಅವನಿಗೆ ಗುರುತು ಹತ್ತಿತು. ಇಬ್ಬರು ಎದುರುಬದುರು ನಿಂತು ಗುದ್ದಾಡುವ ಆ ಆನ್‌ಲೈನ್ ಆಟದ ಸೆಮಿಫೈನಲ್ಲಿನಲ್ಲಿ ಹೋದ ವಾರ ತನ್ನನ್ನು ಮಣ್ಣುಮುಕ್ಕಿಸಿದವಳು ಇವಳೇ. ಅವನು ಎತ್ತಿದ ಒಂದೊಂದು ಏಟನ್ನೂ, ಅದು ಬೀಳುವ ಮೊದಲೇ ಗೊತ್ತಿದ್ದವಳಂತೆ ತಡೆದಿದ್ದಳು. ಮನುಷ್ಯರಿಗೆ ಅದು ಸಾಧ್ಯವಿಲ್ಲ. ಮೋಸದ ಸಾಫ್ಟ್‌ವೇರ್ ಹಾಕಿದ್ದಾಳೆಂದು ಅಂದೇ ಆಯೋಜಕರಿಗೆ ದೂರು ಬರೆದಿದ್ದ. ಪುರಾವೆ ಕೊಟ್ಟರೆ ಅವಳನ್ನು ತೆಗೆದು ಅವಳ ಜಾಗ ನಿಮಗೆ ಕೊಡುತ್ತೇವೆ ಎಂದು ಅವರು ಉತ್ತರಿಸಿದ್ದರು.

ಈಗ ಪುರಾವೆ ತಾನಾಗಿ ಅಂಗಡಿಗೆ ಬಂದು ಕುಳಿತಿತ್ತು.

ಎಂಟು ಫ್ಯಾನು ತಿರುಗಿಸಿ ಕೇಳಿಸಿದ. ಅವಳು ಮೂರನ್ನು ಆರಿಸಿದಳು. ಬಣ್ಣ, ಕಂಪನಿ ಒಂದನ್ನೂ ಕೇಳಲಿಲ್ಲ.

"ಪಾಸ್‌ವರ್ಡ್ ಹೇಳವಾ, ಚಾಲೂ ಮಾಡಿ ನೋಡಬೇಕು."

"ಒಳಗಿನ ಸೆಟ್ಟಿಂಗ್ ಏನೂ ಮುಟ್ಟಬ್ಯಾಡ್ರಿ ಅಣ್ಣಾರ. ಕಾರ್ಡು, ಫ್ಯಾನಿಂದಷ್ಟ ಮಾಡಿಕೊಡ್ರಿ."

ಅವನ ಅನುಮಾನ ಗಟ್ಟಿಯಾಯಿತು. ಮುಂಜಾನೆಯಿಂದ ಮಗ್ಗ ಗಡಗಡಿಸುವ ಊರಿನವಳಿಗೆ ಫ್ಯಾನಿನ ಸಪ್ಪಳ ಅಡ್ಡಿಯಂತೆ! ಬರೀ ನೆಪ. ಕಾರ್ಡ್ ಕಿತ್ತ. ದೊಡ್ಡ ಕೂಲರ್ ಕೂರಿಸಿದ. ಅವಳು ಆರಿಸಿದ ಎರಡು ಫ್ಯಾನು ಹಾಕಿ, ಮೂರನೆಯದನ್ನು ಮಾತ್ರ ತನ್ನ ಚೀಲದಲ್ಲಿಟ್ಟುಕೊಂಡ. ಅದರ ಜಾಗದಲ್ಲಿ ಮೂಲೆಯಲ್ಲಿ ಬಿದ್ದಿದ್ದ ಹಳೆಯದೊಂದನ್ನು ಮೇಲುಗಡೆ ಬಿಗಿದ. ಸಣ್ಣಗೆ ಸುಂಯ್ ಎನ್ನುತ್ತಿತ್ತು. ಸಪ್ಪಳ ಬರೀ ನೆಪವಾದರೆ ಅವಳಿಗೆ ಗೊತ್ತೇ ಆಗುವುದಿಲ್ಲ, ಎಂದುಕೊಂಡ.

"ಫೈನಲ್ ದಿನ ನಾನ ತಂದು ಮುಟ್ಟಸ್ತೇನಿ ಕಾಕಾ," ಎಂದ ಹುಲೆಪ್ಪನಿಗೆ.

ಅಂದು ಬನಹಟ್ಟಿಯಲ್ಲಿ ಮಗ್ಗಗಳಿಗೆ ರಜೆ. ಓಣಿ ಕಿವಿ ಮುಚ್ಚಿದಂತೆ ಸುಮ್ಮನಿತ್ತು. ಹುಲೆಪ್ಪ ಕಂಪ್ಯೂಟರನ್ನು ತಾವೇ ಒಳಕೋಣೆಗೆ ಒಯ್ದು ಬಂದು ಬಾಗಿಲು ಎಳೆದುಕೊಂಡರು.

"ನಾ ಒಳಗ ಬಂದು ಜೋಡಿಸ್ಲೇನ್ರಿ?"

"ಬ್ಯಾಡ್ರಿ. ವಯರ್ ಎಲ್ಲಾ ಅಕೀನ ಹಚ್ಚಕೋತಾಳ. ಆಟ ಮುಗಿಯೂಮಟ ಯಾರನ್ನೂ ಒಳಗ ಬಿಡೂದಿಲ್ಲ ಅಕಿ."

ಯಾಕೆ ಬಿಡುವುದಿಲ್ಲವೆಂದು ಈಶ್ವರನಿಗೆ ಗೊತ್ತಿತ್ತು. ಪಡಸಾಲೆಯಲ್ಲಿ ಚಹಾ ಹಿಡಿದು ಕುಳಿತು ಫೋನಿನಲ್ಲಿ ಪಂದ್ಯ ಹಚ್ಚಿದ. ಎದುರಾಳಿ ಬೆಳಗಾವಿಯವನು. ಐದರಲ್ಲಿ ಮೂರು ಸುತ್ತು ಗೆದ್ದವರಿಗೆ ಕಪ್.

ಮೊದಲ ಸುತ್ತು ಸರಿತಾ ಸೋತಳು. ಎರಡನೆಯದನ್ನೂ ಸೋತಳು. ತಡೆಯಬೇಕಾದಲ್ಲಿ ತಡವರಿಸಿದಳು, ಗಾಳಿಗೆ ಗುದ್ದಿದಳು. ಈಶ್ವರ ಬೆರಗಾದ. ಮೋಸದ ಸಾಫ್ಟ್‌ವೇರಿಗೆ ಇವತ್ತೇನಾಯಿತು?

ಒಳಗಿನಿಂದ ಅವಳ ದನಿ ಬಂತು. "ಯಪ್ಪಾ, ಮ್ಯಾಲಿನ ಫ್ಯಾನ್ ನಾ ಆರಿಸಿದ್ದಲ್ಲ. ಸುಂಯ್ ಅನ್ನಾಕತ್ತೈತಿ. ಅದರ ವಯರ್ ಕೀಳತೇನಿ."

ಹುಲೆಪ್ಪ ಈಶ್ವರನ ಮುಖ ನೋಡಿದರು. "ಬದಲಾತೇನ್ರಿ?"

"ಅವಸರದಾಗ ಆಗಿರಬೇಕು ಕಾಕಾ."

ಚಹಾ ಕೆಳಗಿಟ್ಟ. ಮೇ ತಿಂಗಳ ಬಿಸಿಲು. ಬಿಸಿಗಾಳಿ ಹೊರಗೆಳೆಯುವ ಆ ಮೇಲಿನ ಫ್ಯಾನೇ ಈಗ ಇಲ್ಲ. ಯಾವ ಕ್ಷಣದಲ್ಲೂ ಯಂತ್ರ ಬಂದ್ ಬೀಳಬಹುದು. ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಸರಿಯಾದ ಫ್ಯಾನು ಅವನ ಕಾಲ ಬಳಿಯ ಚೀಲದಲ್ಲೇ ಇತ್ತು. ಎದ್ದು ಹೋಗಿ ಹಾಕಿಕೊಡಬಹುದಿತ್ತು. ಎರಡು ಸಲ ಚೀಲಕ್ಕೆ ಕೈ ಹೋಯಿತು. ಏಳಲಿಲ್ಲ.

ಮೂರನೆಯ ಸುತ್ತಿನಲ್ಲಿ ಹಳೆಯ ಸರಿತಾ ಮರಳಿ ಬಂದಳು. ಬೆಳಗಾವಿಯವನು ಕಾಲು ಕದಲಿಸುವಷ್ಟರಲ್ಲಿ ತಡೆ ಸಿದ್ಧವಿರುತ್ತಿತ್ತು. ಗೆದ್ದಳು. ನಾಲ್ಕನೆಯದನ್ನೂ ಗೆದ್ದಳು. ಹತ್ತು ನಿಮಿಷ ದಾಟಿತು. ಈಶ್ವರ ಬೆವರುತ್ತಿದ್ದ. ಹುಲೆಪ್ಪ ಕೈಮುಗಿದು ಗೋಡೆ ನೋಡುತ್ತ ಕುಳಿತಿದ್ದರು. ಕೊನೆಯ ಸುತ್ತಿನಲ್ಲಿ ಅವಳಿಗೆ ಉಳಿದದ್ದು ಒಂದೇ ಏಟಿನ ಜೀವ. ಎದುರಾಳಿ ಹಿಂದಿನಿಂದ ಹಾರಿ ಬಂದ. ಅವಳು ತಿರುಗಿದಳು, ತಡೆದಳು, ನೆಲಕ್ಕೆ ಕೆಡವಿದಳು.

ಗೆದ್ದುಬಿಟ್ಟಳು.

ಹುಲೆಪ್ಪ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಈಶ್ವರ ಎದ್ದಾಗಿತ್ತು. ಆ ಸಾಫ್ಟ್‌ವೇರ್ ಇನ್ನೂ ತೆರೆದೇ ಇರುತ್ತದೆ. ಮುಚ್ಚಲು ಸಮಯ ಕೊಡಬಾರದು. ಫೋನಿನ ಕ್ಯಾಮೆರಾ ಚಾಲೂ ಮಾಡಿ, ಮುಂದೆ ಹಿಡಿದು, ಬಾಗಿಲನ್ನು ದಡಾರನೆ ತಳ್ಳಿದ.

ಒಳಗೆ ಕಗ್ಗತ್ತಲು. ಆರಿದ ಮಾನಿಟರು ಗೋಡೆಗೆ ಮುಖ ಮಾಡಿ ನಿಂತಿತ್ತು. ಎರಡು ಸ್ಪೀಕರುಗಳ ನಡುವೆ ಕುಳಿತಿದ್ದ ಸರಿತಾಳ ಕಣ್ಣಿಗೆ ಬಾಗಿಲ ಬಿಸಿಲು ನೇರವಾಗಿ ಬಡಿಯಿತು. ಅವಳ ರೆಪ್ಪೆ ಅಲುಗಲಿಲ್ಲ. ಕಿವಿಯನ್ನಷ್ಟೇ ಅವನ ಕಡೆ ತಿರುಗಿಸಿ ಕೇಳಿದಳು: "ಇದು ನಮ್ಮಪ್ಪನ ಹೆಜ್ಜಿ ಅಲ್ಲ. ಯಾರ್ರಿ ನೀವು?"