ಅರ್ಧ ಗಂಟೆ ಉಳಿಸುವ ದಾರಿ

"ಈ ಕಾಗದ ನಿಮಗೆ ಯಾರು ಕೊಟ್ಟರು?" ಹಿಲ್ಕೆ ಕೇಳಿದಳು.

ಬಾಡಿಗೆ ಸೈಕಲ್ಲಿನ ಬೆಲ್ಲು ಬಾರಿಸಿ ನೋಡುತ್ತಿದ್ದ ಹುಡುಗಿ ಕೈ ತೆಗೆದಳು. "ಹಾರ್ಲಿಂಗನ್ ಬಂದರಲ್ಲಿ ಇಟ್ಟಿದ್ರು, ಪುಕ್ಕಟೆ. ಯಾಕಮ್ಮ, ಇದರಲ್ಲಿರೋದು ಸುಳ್ಳಾ?"

ಸುಳ್ಳಾಗಿರಲಿಲ್ಲ. ತೊಂದರೆಯೇ ಅದು.

"ಫ್ಲೀಲಾಂಡ್ ದ್ವೀಪಕ್ಕೆ ಹೋಗುವವರಿಗೆ: ಕಾಸೂ ಉಳಿಯಲಿ, ಹೊತ್ತೂ ಉಳಿಯಲಿ" ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಮಂಗಳವಾರದ ಹಡಗಿಗೆ ಅರ್ಧ ಬೆಲೆ, ಮಂಗಳವಾರವೇ ಹೋಗಿ. ಬ್ರೆಡ್ಡು, ಚೀಸು ಮನೆಯಿಂದಲೇ ಕಟ್ಟಿಕೊಳ್ಳಿ. ಸೈಕಲ್ಲನ್ನು ಬಂದರಿನ ಎದುರು ತೆಗೆದುಕೊಳ್ಳಬೇಡಿ, ಊರೊಳಗಿನ ಮೂರನೆಯ ಅಂಗಡಿಯಲ್ಲಿ ಅಗ್ಗ. ಕಾಲಿದೆಯಲ್ಲ, ನಡೆಯಿರಿ.

ಮೂರನೆಯ ಅಂಗಡಿ ಹಿಲ್ಕೆಯದು. ಆದರೆ ಅವಳ ಕಣ್ಣು ನಿಂತದ್ದು ಕೊನೆಯ ಮಾತಿನ ಬಳಿ. 'ಕಾಲಿದೆಯಲ್ಲ, ನಡೆಯಿರಿ' ಎನ್ನುತ್ತಿದ್ದವನು ಅವಳ ಗಂಡ ಡೌವೆ. ಆರು ವರ್ಷದ ಹಿಂದೆ ಅವನ ದೋಣಿ ಕೆಸರುದಿಣ್ಣೆಯ ಮೇಲೆ ಖಾಲಿಯಾಗಿ ಸಿಕ್ಕಿತ್ತು. ಹೆಣ ಸಿಗಲಿಲ್ಲ. ಚರ್ಚಿನ ಅಂಗಳದಲ್ಲಿ ಅವನ ಹೆಸರಿನ ಕಲ್ಲಿದೆ, ಅದರ ಕೆಳಗೆ ಏನೂ ಇಲ್ಲ.

ಕಾಗದದ ತುದಿಯಲ್ಲಿ ಇನ್ನೂ ಒಂದಿತ್ತು. "ಕಡಲತೀರಕ್ಕೆ ಸುತ್ತುದಾರಿ ಬೇಡ. ದೀಪಸ್ತಂಭ ದಾಟಿ, ಎರಡು ಪೈನ್ ಮರಗಳ ನಡುವೆ ಮರಳುದಿಬ್ಬ ಹತ್ತಿ. ಅರ್ಧ ಗಂಟೆ ಉಳಿಯುತ್ತದೆ. ಈ ವಸಂತದಲ್ಲಿ ನಡುವೆ ಹುಲ್ಲು ದಟ್ಟವಾಗಿದೆ, ತುಳಿದುಕೊಂಡೇ ಹೋಗಬಹುದು."

ಆ ದಾರಿ ಡೌವೆಗೆ ಮತ್ತು ತನಗೆ ಮಾತ್ರ ಗೊತ್ತು ಎಂದು ಹಿಲ್ಕೆ ನಂಬಿದ್ದಳು. 'ಈ ವಸಂತದಲ್ಲಿ' ಎಂಬುದನ್ನು ಮೂರು ಸಲ ಓದಿದಳು.

"ಆ ದಾರಿ ಮುಚ್ಚಿದ್ದಾರೆ. ಹಕ್ಕಿಗಳು ಮೊಟ್ಟೆ ಇಡೋ ಜಾಗ ಅದು," ಎಂದಳು.

"ಅಕ್ಟೋಬರಿನಲ್ಲಾ?" ಹುಡುಗಿಯ ಜೊತೆಗಾರ ನಕ್ಕ. ಇಬ್ಬರೂ ಸೈಕಲ್ಲು ಹತ್ತಿ ದೀಪಸ್ತಂಭದ ಕಡೆಗೇ ಹೋದರು.

ಆ ವಾರ ಇಪ್ಪತ್ತಕ್ಕೂ ಹೆಚ್ಚು ಜನ ಅದೇ ಕಾಗದ ಹಿಡಿದು ಬಂದರು. ಹಿಲ್ಕೆ ಸೈಕಲ್ಲು ವಾಪಸು ತೆಗೆದುಕೊಳ್ಳುವಾಗ ಚಕ್ರಕ್ಕಿಂತ ಮೊದಲು ಅವರ ಬೂಟಿನ ಮರಳು ನೋಡುತ್ತಿದ್ದಳು. ಮನೆಯಲ್ಲಿ ನಲ್ಲಿ ಒಂದು ಹನಿ ತೊಟ್ಟಿಕ್ಕಿದರೆ ಬೆನ್ನ ಹಿಂದೆ ಡೌವೆ ಗಂಟಲು ಸರಿಮಾಡಿಕೊಂಡಂತೆ ಕೇಳುತ್ತಿತ್ತು. ಎದ್ದು ಹೋಗಿ ತಿರುಗಿಸಿ ಬರುತ್ತಿದ್ದಳು. ಮತ್ತೆ ಕೂತರೆ ಅವನ ಹೊಗೆಸೊಪ್ಪಿನ ವಾಸನೆ.

"ಹೆಣ ಸಿಕ್ಕಿಲ್ಲ ಅಂದ್ಮೇಲೆ ಯಾರಿಗೆ ಗೊತ್ತು," ಎಂದಳು ಪಕ್ಕದ ಮನೆಯ ರೆನ್ಸ್ಕೆ, ಕಾಗದ ಓದಿ. "ಥೇಟ್ ಅವನದೇ ಮಾತು. ನಿನ್ನ ಗಂಡ ಸಾಯೋಕೂ ಖರ್ಚಾಗುತ್ತೆ ಅಂತ ಬದುಕಿರ್ತಾನೆ ನೋಡು."

"ಅವನು ಸತ್ತಿದ್ದಾನೆ."

ಹಿಲ್ಕೆ ಅದನ್ನು ಹೇಳಿದ ರೀತಿಗೆ ರೆನ್ಸ್ಕೆ ಕಾಫಿ ಕಪ್ಪು ಕೆಳಗಿಟ್ಟಳು.

ಗುರುವಾರ ಹಿಲ್ಕೆ ಅಂಗಡಿ ಮುಚ್ಚಿ ಹಾರ್ಲಿಂಗನ್‌ಗೆ ಹೊರಟಳು. ಮಂಗಳವಾರದ ಹಡಗು ಅವಳು ಹತ್ತುತ್ತಿರಲಿಲ್ಲ. ಆರು ವರ್ಷದ ಹಿಂದೆ ಹಾರ್ಲಿಂಗನ್‌ನಲ್ಲಿ ತಂಗಿ ಆಲಿ ಹಾಸಿಗೆ ಹಿಡಿದಿದ್ದಳು. ಬೇಗ ಬಾ ಎಂದು ಶುಕ್ರವಾರ ಸುದ್ದಿ ಬಂತು. ಮಂಗಳವಾರ ಹೋಗು, ಅರ್ಧ ಬೆಲೆ ಎಂದ ಡೌವೆ. ಆಲಿ ಸೋಮವಾರ ಮಧ್ಯಾಹ್ನ ತೀರಿಕೊಂಡಳು. ಹಿಲ್ಕೆ ಮಂಗಳವಾರ ಅರ್ಧ ಬೆಲೆಯಲ್ಲಿ ಮಣ್ಣಿಗೆ ಹೋದಳು. ಅದಾಗಿ ಎರಡು ವಾರಕ್ಕೆ ದೋಣಿ ಖಾಲಿಯಾಗಿ ಸಿಕ್ಕಿತು. ಒಂದೇ ತಿಂಗಳಲ್ಲಿ ಎರಡು ಸಾವು ಕಂಡ ಹೆಂಗಸು ಎಂದು ಊರಿನವರು ಚಳಿಗಾಲ ಕಳೆಯುವ ತನಕ ಅವಳ ಮನೆಗೆ ಸೂಪು ತಂದುಕೊಟ್ಟರು.

ಬಂದರಿನ ಟಿಕೆಟ್ ಕಿಟಕಿಯಾಕೆ ಕಾಗದ ನೋಡಿ ಕೈ ತೋರಿಸಿದಳು. "ಬರೆದವರು ಅಗೋ, ಅಲ್ಲೇ ಕೂತಿದ್ದಾರೆ."

ಬೆಂಚಿನ ಮೇಲೆ ನೀಲಿ ಟೊಪ್ಪಿಗೆಯ ಒಬ್ಬ ಗಂಡಸು, ಬೆನ್ನು ಈ ಕಡೆ. ಪೊಟ್ಟಣ ಬಿಚ್ಚಿ ಮನೆಯ ಬ್ರೆಡ್ಡು ತಿನ್ನುತ್ತಿದ್ದ. ಎಡಭುಜ ಜೋತಿತ್ತು, ಡೌವೆಯದರ ಹಾಗೆಯೇ. ಹಿಲ್ಕೆ ಗೋಡೆ ಹಿಡಿದುಕೊಂಡಳು.

ಅವನು ತಿರುಗಿದ. ಡೌವೆ ಅಲ್ಲ. ಮೈಂಡರ್ಟ್, ಎಂಟು ವರ್ಷದ ಹಿಂದೆ ಎರಡು ಬೇಸಗೆ ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಅಂಚೆಯವನು. ಈಗ ನಿವೃತ್ತ.

"ಹಿಲ್ಕೆಯವರೇ, ಬನ್ನಿ ಕೂತ್ಕೊಳ್ಳಿ. ನಿಮ್ಮ ಯಜಮಾನರು ಹೇಳ್ತಿದ್ದದ್ದನ್ನೇ ಬರ್ಕೊಂಡಿದ್ದೆ, ಅದನ್ನೇ ಅಚ್ಚು ಹಾಕ್ಸಿದೆ. ಆ ದಾರೀನೂ ಅವರೇ ತೋರ್ಸಿದ್ದು. ಯಾರಿಗೂ ಹೇಳ್ಬೇಡ ಅಂದಿದ್ರು. ಹೋದವರ ಗುಟ್ಟು ಕಟ್ಟಿಟ್ಟು ಏನು ಮಾಡೋದು?"

"ವಸಂತದಲ್ಲಿ ಆ ದಾರೀಲಿ ನಡೆದು ಹೋದದ್ದು ನೀವೇನಾ?"

"ನಾನೇ. ಒಂದು ಕಡೆ ಮಾತ್ರ ಹುಲ್ಲು ಏನು ಸೊಂಪಾಗಿದೆ ಅಂತೀರಿ, ಯಾರೋ ಕೂತು ನೆಟ್ಟ ಹಾಗೆ."

"ಮರಳು ಹಾರದೆ ಇರ್ಲಿ ಅಂತ ನೆಡ್ತಾರೆ," ಎಂದಳು ಹಿಲ್ಕೆ. ಅವಳ ಕಣ್ಣು ತುಂಬಿ ಬಂತು. ಡೌವೆ ಬಂದಿರಲಿಲ್ಲ, ಬರುವುದೂ ಇಲ್ಲ. ಮೈಂಡರ್ಟ್ ಅರ್ಧ ಬ್ರೆಡ್ಡು ಮುರಿದುಕೊಟ್ಟ. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವೆನಿಸಿತು.

"ನಿಮಗೊಂದು ಖುಷಿ ಸುದ್ದಿ," ಎಂದ ಅವನು. "ಜನ ಅಷ್ಟು ಓಡಾಡೋದು ನೋಡಿ ಊರಾಡಳಿತದವರು ಅಲ್ಲಿ ದಿಬ್ಬ ಕಡಿದು ಸರಿಯಾದ ದಾರಿ ಮಾಡ್ತಾರಂತೆ. ಆಳವಾಗಿ ಅಗೆದು, ಇಟ್ಟಿಗೆ ಹಾಸಿ. ಬುಧವಾರ ಯಂತ್ರ ಬರುತ್ತೆ. ದಾರಿಗೆ ಡೌವೆಯವರ ಹೆಸರೇ ಇಡಿ ಅಂತ ಹೇಳಿದ್ದೀನಿ."

ಹಿಲ್ಕೆಯ ಬಾಯಲ್ಲಿ ಬ್ರೆಡ್ಡು ಹಾಗೇ ನಿಂತಿತು. ಎದ್ದಳು.

"ಈಗಲೇ ಹೊರಟ್ರಾ? ಆಲಿಯವರ ಸಮಾಧಿ ನೋಡ್ಕೊಂಡು, ಮಂಗಳವಾರ ಹೋಗಿ. ಅರ್ಧ ಬೆಲೆ."

"ಇಲ್ಲ, ಮನೇಲಿ ಕೆಲಸ ಇದೆ."

ಕಿಟಕಿಯಲ್ಲಿ ಹೆಚ್ಚಿನ ಹಣ ಕೊಟ್ಟು, ಎಲ್ಲಕ್ಕಿಂತ ಬೇಗ ಹೊರಡುವ ಹಡಗಿಗೆ ಟಿಕೆಟ್ ಕೊಂಡಳು.

ಬುಧವಾರದೊಳಗೆ ಡೌವೆಯನ್ನು ಆ ಹುಲ್ಲಿನ ಕೆಳಗಿಂದ ತೆಗೆದು ಬೇರೆ ಕಡೆ ಹೂಳಬೇಕಿತ್ತು.