ಮಣ್ಣೆತ್ತಿನ ಜೋಡಿ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಊರಿನ ಮಗು ಗಿರಿಜವ್ವನ ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಊರಿಗೆಲ್ಲ ಇದ್ದದ್ದು ಶಾಲ್ಮಲಾ ಒಬ್ಬಳೇ ಮಗು. ಹಬ್ಬ ಬಂದರೆ ಸರದಿಯಂತೆ ಮನೆಮನೆಗೂ ಹೋಗಬೇಕು. ಈ ಸರದಿಗಾಗಿ ಗಿರಿಜವ್ವ ಮೂರು ವರ್ಷ ಕಾದಿದ್ದಳು. ಎರೆಮಣ್ಣು ನಾದಿ, ಎತ್ತಿನ ಕಣ್ಣಿಗೆಂದು ಜೋಳದ ಕಾಳು ಆರಿಸಿಟ್ಟಿದ್ದಳು.

"ಹೆಂಗ ಮಾಡೂದು ಹೇಳಿಕೊಡ್ಲೇನವ್ವಾ?"

"ಬ್ಯಾಡ್ರಿ ಅಜ್ಜಿ, ಮುಂಜಾನಿಂದ ಇದನ್ನ ಮಾಡಾಕತ್ತೀನಿ," ಎಂದ ಹುಡುಗಿ ಚಕಚಕನೆ ಎರಡು ಎತ್ತು ಮಾಡಿ, ಕಣ್ಣು ಒತ್ತಿ, ಫೋಟೋಗೆಂದು ನಕ್ಕು, ಕೈ ತೊಳೆಯಲು ಎದ್ದಳು. ಮುಂದಿನ ಮನೆಯವರು ಆಗಲೇ ಬಾಗಿಲಲ್ಲಿ ನಿಂತಿದ್ದರು.

"ಇಷ್ಟ ಆತೇನು? ಗುದ್ದಾಡಸೂದಿಲ್ಲೇನು? ನಾನೂ ನನ್ನ ತಂಗೀನೂ ಇಡೀ ದಿನ ಗುದ್ದಾಡಸ್ತಿದ್ವಿ," ಎಂದಳು ಗಿರಿಜವ್ವ.

ಹುಡುಗಿ ತಿರುಗಿ ನಿಂತಳು.

"ತಂಗಿ ಅಂದ್ರೇನ್ರಿ?"

ಗಿರಿಜವ್ವ ಹೋಗಿ ಬಾಗಿಲು ಹಾಕಿ ಬಂದು, ಮಂಡಿನೋವು ನುಂಗಿಕೊಂಡು ನೆಲಕ್ಕೆ ಕೂತು, ಒಂದೆತ್ತನ್ನು ಹುಡುಗಿಯ ಕೈಗಿಟ್ಟಳು. ಇನ್ನೊಂದನ್ನು ತಾನು ಹಿಡಿದು, ಕೋಡು ಮುರಿಯುವಂತೆ ಅದಕ್ಕೆ ಗುದ್ದಿಸಿದಳು.

"ಹಿಂಗ," ಎಂದಳು.